ಹಾಲುಗೇರಿ ಇರುವ ಪುಸ್ತಕ

ತೀರದೂರಿಗೆ ಹೊರಡುವವರು ಬಟ್ಟೆ ಜೋಡಿಸಿಕೊಳ್ಳುವ ಮೊದಲು ಪುಸ್ತಕ ಆರಿಸಿಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಕೈಯಲ್ಲಿ ಯಾವ ಪುಸ್ತಕವೋ ಕಣ್ಣಿಗೆ ಆ ಊರು. ಪಕ್ಕದ ಮನೆಯ ಪದ್ಮಾವತಮ್ಮ ದೇವಸ್ಥಾನಗಳ ಪುಸ್ತಕ ಹಿಡಿದು ಹೋಗಿದ್ದರು. ಗೋಪುರದಿಂದ ಗೋಪುರಕ್ಕೆ ನಡೆದೂ ನಡೆದೂ ಕಾಲು ಬಾತು, ತೀರ್ಥ ಬಿಟ್ಟರೆ ಬೇರೆ ನೀರಿಲ್ಲದೆ, ಪ್ರಸಾದ ಬಿಟ್ಟರೆ ಬೇರೆ ಊಟವಿಲ್ಲದೆ, ಸಕ್ಕರೆ ಕಾಯಿಲೆ ಏರಿಸಿಕೊಂಡು ಬಂದು ಮಲಗಿದರು. ಗೆದ್ದಲು ತಿಂದ ಪುಸ್ತಕ ಒಯ್ದ ಮೇಷ್ಟರೊಬ್ಬರು ಪೇಟೆ ಬೀದಿಯ ನಡುವೆಯೇ ಗುಂಡಿಗೆ ಬಿದ್ದರು. ಅಜ್ಜನ ಕಾಲದ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಹೋದವರು ಇಡೀ ದಿನ ಕುದುರೆಗಾಡಿಯಲ್ಲಿ ಕುಲುಕಾಡಿ ಸೊಂಟ ಹಿಡಿದುಕೊಂಡು ಬಂದರು. ಹೀಗಾಗಿ ಯಾರೂ ಅವಸರ ಮಾಡುವುದಿಲ್ಲ. ಅತ್ತಿಗೆಯನ್ನು ಕೇಳಿ, ಬೀಗರನ್ನು ಕೇಳಿ, ಹೋಗಿ ಬಂದವರಿಗೆ ಕಾಫಿ ಕೊಟ್ಟು ವಿಚಾರಿಸಿ ಆಮೇಲೆ ಕೊಳ್ಳುತ್ತಾರೆ.

ನಾನು ಮಾತ್ರ ಅಲ್ಲಿಗೆ ಎಂದೂ ಹೋದವಳಲ್ಲ. ಹೋಗುವ ಅಗತ್ಯವೇ ಬಿದ್ದಿರಲಿಲ್ಲ. ನನ್ನ ಅಕ್ಕ ಭಾಗೀರಥಿಯನ್ನು ಕೊಟ್ಟಿದ್ದು ಆ ಊರಿಗೆ. ಅಲ್ಲಿ ನೆಲೆಸಿದವರಿಗೆ ಯಾವ ಪುಸ್ತಕವೂ ಬೇಡ. ಅವಳು ಪ್ರತಿ ಬೇಸಿಗೆಯಲ್ಲೂ ಹಲಸಿನ ಹಪ್ಪಳದ ಡಬ್ಬಿ ಹೊತ್ತುಕೊಂಡು ತಾನೇ ಬಂದುಬಿಡುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಇನ್ನೂ ಹೆಚ್ಚು ದಿನ ಇರುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಬರಲಿಲ್ಲ. ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯದಂತಾಗಿತ್ತಂತೆ. ಈಗ ಶಸ್ತ್ರಚಿಕಿತ್ಸೆ ಆಗಿ, ಎರಡೂ ಕಣ್ಣಿಗೆ ಕಟ್ಟು ಹಾಕಿ ಮನೆಗೆ ಕಳಿಸಿದ್ದರು.

ಶನಿವಾರ ಫೋನು ಬಂತು. ಕಂಪೌಂಡರು ಬಾಬಣ್ಣ ಅನ್ನುವವರು ಹಿಡಿದುಕೊಟ್ಟ ಫೋನಿನಲ್ಲಿ ಅಕ್ಕ ಮಾತಾಡಿದಳು.

“ಶುಕ್ರವಾರ ಕಟ್ಟು ಬಿಚ್ತಾರೆ ಕಣೇ ಕಾತಿ. ಕಣ್ಣು ಬಿಟ್ಟ ಕೂಡಲೇ ನಿನ್ನ ಮುಖ ಕಾಣ್ಬೇಕು. ಬಾ.”

ಕಾತ್ಯಾಯಿನಿ ಎಂಬ ನನ್ನ ಹೆಸರನ್ನು ಕತ್ತರಿಸಿ ಕರೆಯುವವರು ಈಗ ಅವಳೊಬ್ಬಳೇ ಉಳಿದಿದ್ದಾಳೆ. ನಾನು ಪುಸ್ತಕದ ಮಾತು ತೆಗೆದೆ. ಅವಳಿಗೆ ಅದು ಕೇಳಿಸಲೇ ಇಲ್ಲ. ಹಾಲು ಉಕ್ಕಿದರೆ, ಬೀಗದ ಕೈ ಕಳೆದರೆ, ಕಾಲು ಎಡವಿದರೆ ಇವತ್ತು ಯಾರ ಮುಖ ನೋಡಿ ಎದ್ದೆನೋ ಎಂದು ಮೂರು ಹೊತ್ತೂ ಗೊಣಗುವವಳು ಅವಳು. ಒಂದು ದಿನದ ಮಟ್ಟಿಗೇ ಇಷ್ಟು ಲೆಕ್ಕಾಚಾರವಾದರೆ, ಹೊಸ ಕಣ್ಣಿಗೆ, ಇನ್ನುಳಿದ ಆಯುಷ್ಯಕ್ಕೆಲ್ಲ ಸಲ್ಲಬೇಕಾದ ಮುಖ ಯಾವುದೆಂದು ಅವಳು ನಿರ್ಧರಿಸಿಬಿಟ್ಟಿದ್ದಳು. “ಇಲ್ಲದಿದ್ರೆ ಈ ಬಾಬಣ್ಣನ ಮೀಸೆ ನೋಡಿ ಕಣ್ಣು ಬಿಡ್ಲಾ?” ಎಂದಳು. ಪಕ್ಕದಲ್ಲೇ ಇದ್ದ ಆ ಪುಣ್ಯಾತ್ಮ ಬೇಸರಪಡದೆ ಫೋನು ತೆಗೆದುಕೊಂಡು, ನೀವು ಬಾರದಿದ್ದರೆ ಇವರು ಕಟ್ಟು ಮುಟ್ಟಗೊಡುವುದಿಲ್ಲ ಅನ್ನುತ್ತಿದ್ದಾರೆ, ಶುಕ್ರವಾರ ದಾಟಿದರೆ ಒಳಗೆ ಕೀವು ಹಿಡಿದು ಕಣ್ಣು ಉಳಿಯುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ ಎಂದು ಮೆಲ್ಲನೆ ಹೇಳಿದರು. ಅಕ್ಕನ ಹಟ ನನಗೆ ಗೊತ್ತು. ಅವಳು ಹೇಳಿದ ಮೇಲೆ ಮಾಡಿಯೇ ತೀರುವವಳು.

ಸೋಮವಾರ ಬೆಳಿಗ್ಗೆ ವೆಂಕೋಬರಾಯರ ಅಂಗಡಿಗೆ ಹೋದೆ. ತೀರದೂರಿನ ಪುಸ್ತಕ, ನಕ್ಷೆ ಎಲ್ಲಕ್ಕೂ ನಮ್ಮಲ್ಲಿ ಅದೊಂದೇ ಅಂಗಡಿ. ರಾಯರು ಒಳ್ಳೆಯವರು. ಒಳ್ಳೆಯತನವೇ ಅವರ ತೊಂದರೆ. ನಿಮಗೆ ಬೇಕಾದದ್ದನ್ನು ಕೊಡುವ ಮೊದಲು ನಿಮಗೆ ಒಳ್ಳೆಯದಾಗುವುದನ್ನೆಲ್ಲ ತೋರಿಸಿಯೇ ತೀರುತ್ತಾರೆ. ಕುರ್ಚಿ ಒರೆಸಿ ಕೂರಿಸಿ, ನೀರು ಕೊಟ್ಟು, ಮೊದಲು ‘ಕಡಲತೀರದ ಸೂರ್ಯಾಸ್ತಗಳು’ ತೆಗೆದರು. ಅದನ್ನು ಹಿಡಿದು ಹೋದರೆ ಹೊತ್ತು ಯಾವಾಗಲೂ ಸಂಜೆಯಂತೆ. ನನಗೆ ರೇಗಿತು. ಕಣ್ಣಿನ ಕಟ್ಟು ಬಿಚ್ಚುವುದು ಬೆಳಿಗ್ಗೆ ಎಂದೆ. ಅವರು ತಲೆಯಾಡಿಸಿ ‘ದೀಪಸ್ತಂಭಗಳು, ಬಂದರು, ಹಳೆಯ ಉಗ್ರಾಣಗಳು’ ತೆಗೆದರು. ಆಮೇಲೆ ಮೀನೂಟದ್ದು, ಆಮೇಲೆ ಸಸ್ಯಾಹಾರದ್ದು, ಆಮೇಲೆ ಮಧುಚಂದ್ರಕ್ಕೆ ಹೋಗುವವರದ್ದು. ಇದು ನಿಮಗಲ್ಲ ಎಂದು ತಾವೇ ನಾಚಿಕೊಂಡು ಒಳಗಿಟ್ಟರು.

ನಾನು ಒಂದೊಂದರ ಕೊನೆಗೂ ಹೋಗಿ ಬೀದಿಗಳ ಹೆಸರು ಹುಡುಕಿದೆ. ಅಕ್ಕನ ಮನೆ ಇರುವ ಹಾಲುಗೇರಿ ಯಾವುದರಲ್ಲೂ ಇರಲಿಲ್ಲ.

“ಹಾಲುಗೇರಿಯಲ್ಲಿ ಏನಿದೆ ಅಂತ ಅಚ್ಚು ಹಾಕಿಸ್ತಾರೆ ಅಮ್ಮಾವ್ರೇ?” ಎಂದರು ರಾಯರು.

“ನಮ್ಮಕ್ಕ ಇದ್ದಾಳೆ.”

“ಅದು ಸರಿ. ನೋಡೋ ಅಂಥದ್ದು ಏನಿದೆ?”

“ಅವಳನ್ನೇ ನೋಡಬೇಕು ರಾಯರೇ.”

ಅವರು ಕೆನ್ನೆ ತುರಿಸಿಕೊಂಡು, ಅಕ್ಕತಂಗಿಯರ ಪುಸ್ತಕ ಅಂತ ಒಂದು ಯಾರಾದರೂ ತಂದರೆ ಚೆನ್ನಾಗಿರುತ್ತಿತ್ತು, ಆದರೆ ಮುದ್ರಕರಿಗೆ ಹೊಳೆಯುವುದಿಲ್ಲ ಎಂದರು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಹೊಸ ಮದುಮಕ್ಕಳು ಜಗಳಕ್ಕೆ ನಿಂತಿದ್ದರು. ಅವನಿಗೆ ಕೋಟೆಯ ಪುಸ್ತಕ, ಅವಳಿಗೆ ಸೀರೆ ಅಂಗಡಿಗಳದ್ದು. ಬೇರೆ ಬೇರೆ ಪುಸ್ತಕ ಹಿಡಿದು ಹೋದರೆ ಒಂದೇ ಬಸ್ಸಿನಿಂದ ಇಳಿದೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ನಮ್ಮೂರಿನ ಒಂದು ಮದುವೆ ದಿಬ್ಬಣ ಹಾಗೆ ಚೆಲ್ಲಾಪಿಲ್ಲಿಯಾಗಿ, ವರ ಒಬ್ಬನೇ ಬಂದರಿನ ಉಗ್ರಾಣದಲ್ಲಿ ಬಾಸಿಂಗ ಕಟ್ಟಿಕೊಂಡು ಕೂತಿದ್ದನಂತೆ. ಕಡೆಗೆ ಹುಡುಗ ಕೋಟೆಯನ್ನು ಕಪಾಟಿಗೆ ಹಿಂತಿರುಗಿಸಿ, ಸೀರೆಯ ಪುಸ್ತಕವನ್ನೇ ಸುತ್ತಿಸಿಕೊಂಡ. ಅವಳು ನೋಡದಿದ್ದಾಗ ಕೋಟೆಯ ಮುಖಪುಟದ ಮೇಲೊಮ್ಮೆ ಕೈ ಸವರಿದ್ದು ನನಗೆ ಕಂಡಿತು.

ನಕ್ಷೆಗಳನ್ನೂ ಬಿಡಿಸಿ ನೋಡಿದೆವು. ಒಂದರಲ್ಲಿ ದೊಡ್ಡ ರಸ್ತೆಗಳಷ್ಟೇ ಇದ್ದು ಅಕ್ಕಪಕ್ಕ ಬಿಳಿ ಕಾಗದವಿತ್ತು. ಅದನ್ನು ಒಯ್ದವರು ಹಗ್ಗದ ಮೇಲೆ ನಡೆದಂತೆ ನಡೆದು ಬರುತ್ತಾರೆ. ಬಸ್ಸುಗಳ ನಕ್ಷೆಯಲ್ಲಿ ನಿಲ್ದಾಣಗಳಷ್ಟೇ. ಇನ್ನೊಂದು ಸಮುದ್ರದ ಆಳ ತೋರಿಸುವ ನಕ್ಷೆ. ಅದನ್ನೇಕೆ ಬಿಡಿಸಿದರೆಂದು ರಾಯರಿಗೂ ಗೊತ್ತಿರಲಿಲ್ಲ. ಯಾರಾದರೂ ಬಸ್ ನಿಲ್ದಾಣಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋಗಲಾಗದೇ ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ. ಅಲ್ಲಿಯವರು ಬಂದು ಕೈ ಹಿಡಿದು ನಡೆಸಿದರೂ ಅಷ್ಟೇ. ನಮ್ಮ ಪುಸ್ತಕ ಮುಗಿದ ಕಡೆ ಅವರ ಕೈ ನಮ್ಮ ಕೈಯಲ್ಲಿರುವುದಿಲ್ಲ.

ಮಂಗಳವಾರ ವಾಚನಾಲಯಕ್ಕೆ ಹೋದೆ. ಅಲ್ಲಿದ್ದ ದಪ್ಪ ಗ್ರಂಥದಲ್ಲಿ ತೀರದೂರಿನ ಅರಸರ ವಂಶಾವಳಿ ಮಾತ್ರ ಇತ್ತು. ಅದನ್ನು ಒಯ್ದಿದ್ದರೆ ಬರೀ ಅರಸರ ನಡುವೆ ಇಳಿಯುತ್ತಿದ್ದೆನೋ ಏನೋ. ಕಾಲೇಜಿನಲ್ಲಿ ನನ್ನ ಜೊತೆ ಓದಿದ ವತ್ಸಲೆ, ನೀನೇ ಒಂದು ಹಾಳೆಯಲ್ಲಿ ಹಾಲುಗೇರಿ ಎಂದು ಬರೆದುಕೊಂಡು ಹೋಗಬಾರದೇ ಎಂದಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೈಬರಹ ಆ ಊರಿನಲ್ಲಿ ನಡೆಯುವುದಿಲ್ಲ, ಅಚ್ಚಾದದ್ದೇ ಆಗಬೇಕು. ಅದು ಅವಳಿಗೂ ಗೊತ್ತು. ಸುಮ್ಮನೆ ಕೂರಲಾರದೆ ಏನಾದರೂ ಉಪಾಯ ಹೇಳಬೇಕಲ್ಲ ಎಂದು ಹೇಳಿದಳು. ಅದಕ್ಕೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಸಿಟ್ಟು ಮಾತ್ರ ಬಂತು.

ಬುಧವಾರ ಮತ್ತೆ ರಾಯರ ಅಂಗಡಿಗೆ ಹೋದಾಗ ಅವರು ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ಒಳಗೆ ಹೋದರು, ಬರಿಗೈಯಲ್ಲಿ ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಕಡೆಗೆ ಒಂದು ತೆಳ್ಳನೆಯ ಪುಸ್ತಕ ತಂದು ಮುಂದೆ ಇಟ್ಟು, ಅದರ ಮೇಲೆ ಅಂಗೈ ಊರಿದರು.

“ಇದರಲ್ಲಿ ನಿಮ್ಮ ಬೀದಿ ಇದೆ. ಆದ್ರೆ ನಾನು ಇದನ್ನ ಯಾರಿಗೂ ಮಾರೋದಿಲ್ಲ.”

ತೀರದೂರಿನ ಹೋಟೆಲು ಮಾಲೀಕರ ಸಂಘದವರು ತಮ್ಮ ಗಿರಾಕಿಗಳಿಗೆಂದು ತಂದ ಪುಸ್ತಕವಂತೆ ಅದು. ಅಂಗೈ ಸರಿಸಿ ತೆರೆದೆ. ಮೊದಲ ಪುಟದಲ್ಲೇ ನನ್ನ ತಲೆ ಧಿಮ್ಮೆಂದಿತು. ‘ಇಲ್ಲಿ ಸದಾ ತಂಪಾದ ಗಾಲಿ ಬೀಸುತ್ತದೆ’ ಎಂದಿತ್ತು. ಮುಂದಿನ ಪುಟದಲ್ಲಿ ‘ಶುಚಿಯಾದ ಊಟ: ಅನ್ನ, ಹುಲಿ, ಪಲ್ಯ, ಮಜ್ಜಿಗೆ.’ ಅಚ್ಚು ಮೊಳೆ ಜೋಡಿಸಿದವನಿಗೆ ಲಕಾರ ಳಕಾರಗಳ ಭೇದವೇ ಇರಲಿಲ್ಲ. ಎಷ್ಟೋ ಕಡೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ್ದ. ತೀರದೂರಿನ ಪುಸ್ತಕದಲ್ಲಿ ಕಡಲನ್ನೇ ‘ಕಡಳು’ ಮಾಡಿದ್ದ. ಚಿಕ್ಕಂದಿನಲ್ಲಿ ನಮ್ಮ ಮೇಷ್ಟರು ಇಂಥ ತಪ್ಪಿಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವರು ಸುಮ್ಮನೆ ನಿಲ್ಲಿಸುತ್ತಿರಲಿಲ್ಲ ಎಂದು ಈಗ ಅರ್ಥವಾಯಿತು.

ಹನ್ನೊಂದನೆಯ ಪುಟದಲ್ಲಿ, ತಿಂಡಿಯ ಅಂಗಡಿಯೊಂದರ ವಿಳಾಸದೊಳಗೆ, ನಾನು ಹುಡುಕುತ್ತಿದ್ದ ಹೆಸರು ಇತ್ತು. ‘ಪೇಟೆ ಬೀದಿಯಿಂದ ಎಡಕ್ಕೆ, ಹಾಳುಗೇರಿ.’

ರಾಯರು ನನ್ನ ಮುಖ ನೋಡುತ್ತಿದ್ದರು. ಹೊರಗೆ ಯಾವುದೋ ಗಾಡಿಯವನು ಈರುಳ್ಳಿ ಕೂಗುತ್ತಾ ಹೋದ. ಹಾಲು ಹಾಳಾಗಲು ಒಂದು ಅಕ್ಷರ ಸಾಕಾಯಿತು. ಈ ಪುಸ್ತಕ ಹಿಡಿದು ಹೋದರೆ ಬೀದಿಯಂತೂ ಸಿಕ್ಕೀತು. ಸಿಕ್ಕ ಬೀದಿಯಲ್ಲಿ ಏನು ಉಳಿದಿರುತ್ತದೆ? ಗೋಡೆ ಇರುತ್ತದೆಯೇ? ಮಂಚ ಇರುತ್ತದೆಯೇ? ಮಂಚದ ಮೇಲೆ ಕಣ್ಣು ಕಟ್ಟಿಕೊಂಡು ಕೂತವಳು? ನಾನು ಇದನ್ನು ಬಾಯಿಬಿಟ್ಟು ಕೇಳಲಿಲ್ಲ. ರಾಯರು ತಾವೇ, ಮನುಷ್ಯರ ಹೆಸರು ಪುಸ್ತಕದಲ್ಲಿ ಬರದಿದ್ದರೆ ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದು ನನ್ನ ನಂಬಿಕೆ ಅಂದರು. ನಂಬಿಕೆ ಎಂದರೇ ಹೊರತು ಖಂಡಿತ ಎನ್ನಲಿಲ್ಲ.

ವಿಷಯ ತಿಳಿದು ವತ್ಸಲೆ ಬ್ಲೇಡು ಹಿಡಿದುಕೊಂಡು ಮನೆಗೆ ಬಂದಳು. ಳಕಾರದ ಕೊಂಕನ್ನು ಹೆರೆದು ಲಕಾರದ ಹತ್ತಿರಕ್ಕೆ ತರಬಹುದು ಎಂಬುದು ಅವಳ ಲೆಕ್ಕ. ಪುಸ್ತಕ ಇನ್ನೂ ಅಂಗಡಿಯಲ್ಲೇ ಇತ್ತು, ಅದರ ಕಾಗದವೋ ಗಾಳಿ ಬೀಸಿದರೆ ಹರಿಯುವಂತಿತ್ತು. ಬ್ಲೇಡು ಒಂದು ಕೂದಲೆಳೆ ಜಾರಿದರೆ ಅಲ್ಲಿ ತೂತು. ಆ ತೂತು ಅಕ್ಕನ ಮನೆಯ ಮೇಲೇ ಬಿದ್ದರೆ? ನಾನು ಅವಳ ಕೈಯಿಂದ ಬ್ಲೇಡು ಕಿತ್ತುಕೊಂಡೆ. ಅವಳಿಗೆ ಬೇಸರವಾಗಿರಬೇಕು. ಆದರೂ ಕೂತು ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟಳು.

ಗುರುವಾರ ಬೆಳಿಗ್ಗೆ ಅಂಗಡಿಗೆ ಹೋಗಿ, ಪುಸ್ತಕ ಕೊಡಿ ಎಂದೆ. ರಾಯರು ವಾದ ಮಾಡಲಿಲ್ಲ. ಕಾಗದದಲ್ಲಿ ಸುತ್ತಿ ಸಿದ್ಧವಾಗಿಯೇ ಇಟ್ಟಿದ್ದರು. ಬಿಚ್ಚಿ ನೋಡಿದರೆ ಅಲ್ಲಲ್ಲಿ ಪುಟಗಳ ನಡುವೆ ಕೆಂಪು ಚೀಟಿಗಳು ಇಣುಕುತ್ತಿದ್ದವು. ಇಡೀ ಪುಸ್ತಕ ಓದಿ ಅಪಾಯವಿರುವ ಕಡೆಯಲ್ಲೆಲ್ಲ ಗುರುತು ಹಾಕಿದ್ದರು. ‘ಈ ಹೋಟೆಲಿನ ಬಾಗಿಲ ಮುಂದೆ ಸುಳಿಯಬೇಡಿ’ ಎಂದು ಒಂದರ ಮೇಲೆ ಬರೆದಿತ್ತು. ಇನ್ನೊಂದರ ಮೇಲೆ, ‘ಇಲ್ಲಿ ಹುರಿಗಾಲು ಎಂದಿದೆ, ಕೊಟ್ಟರೂ ತೆಗೆದುಕೊಳ್ಳಬೇಡಿ.’ ಎಂಬತ್ತು ಪುಟದ ಆ ದರಿದ್ರ ಪುಸ್ತಕವನ್ನು ಅವರು ನನಗಾಗಿ ರಾತ್ರಿ ಕೂತು ಓದಿದ್ದರೆಂದು ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಶುಕ್ರವಾರ ನಸುಕಿನ ಬಸ್ಸು ಹಿಡಿದೆ. ಸೇತುವೆ ಬಂದಾಗ ಕಂಡಕ್ಟರು ಎದ್ದು ನಿಂತು, ಎಲ್ಲರೂ ಪುಸ್ತಕ ತೆಗೆದುಕೊಳ್ಳಿ, ಒಂದೇ ಪುಸ್ತಕದವರು ಒಟ್ಟಿಗೆ ಇಳಿಯಿರಿ ಎಂದು ಕೂಗಿದ. ದೇವಸ್ಥಾನದವರು ಒಂದು ಕಡೆ, ಸೂರ್ಯಾಸ್ತದವರು ಒಂದು ಕಡೆ ಗುಂಪಾದರು. ಸೂರ್ಯಾಸ್ತದವರು ಬೆಳಿಗ್ಗೆಯೇ ಸ್ವೆಟರು ಹಾಕಿಕೊಂಡಿದ್ದರು. ನಾನು ಒಬ್ಬಳೇ ಉಳಿದೆ. ಕಂಡಕ್ಟರು ನನ್ನ ಪುಸ್ತಕದ ಮುಖಪುಟ ನೋಡಿ ಗಾಬರಿಯಾದ. ನನ್ನ ಚೀಲ ತಾನೇ ಎತ್ತಿಕೊಂಡು ಇಳಿಸಿ, ಬಲಕ್ಕೆ ತಿರುಗಬೇಡಿ ಅಮ್ಮ, ಅಲ್ಲಿ ಊಟದ ಮನೆ ಇದೆ ಎಂದಷ್ಟೇ ಪಿಸುಗುಟ್ಟಿದ.

ಬಲಕ್ಕೆ ತಿರುಗಲಿಲ್ಲ, ಆದರೆ ನೋಡಿದೆ. ತೆರೆದ ಬಾಗಿಲ ಆಚೆ, ಊಟದ ಮೇಜಿನ ಕೆಳಗೆ ಅದು ಮಲಗಿತ್ತು. ಪಟ್ಟೆಪಟ್ಟೆಯ ಬಾಲ ಮಾತ್ರ ಹೊಸ್ತಿಲ ಹೊರಗೆ ಚಾಚಿತ್ತು. ಮಾಣಿ ಅದನ್ನು ದಾಟಿ ದಾಟಿ ಎಲೆ ಹಾಕುತ್ತಿದ್ದ. ಈ ಪುಸ್ತಕದ ಗಿರಾಕಿಗಳಿಗೆ ಬಡಿಸಿ ಬಡಿಸಿ ಇವರಿಗೆಲ್ಲ ಅಭ್ಯಾಸವಾಗಿಹೋಗಿದೆ ಎಂದು ನನಗೆ ಇನ್ನೂ ಸಿಟ್ಟು ಬಂತು. ಆ ಸಂಘದವರಿಗೆ ಒಂದು ಕಾರ್ಡು ಬರೆದು ತಪ್ಪು ತಿದ್ದಿಸಬಾರದೇ? ತೀರದ ಕಡೆಯಿಂದ ಗಾಲಿಗಳು ಬೀಸಿ ಬಂದವು. ಸೈಕಲ್ಲಿನವು, ಗಾಡಿಯವು, ಮಕ್ಕಳ ಆಟಿಕೆಯವು. ಒಂದೊಂದೂ ತಣ್ಣಗೆ ಕಾಲಿಗೆ ತಾಗಿ ಉರುಳಿ ಹೋಗುತ್ತಿದ್ದವು. ಅಷ್ಟು ಮಾತ್ರ ಪುಸ್ತಕದವನು ನಿಜ ಹೇಳಿದ್ದ, ತಂಪಾಗಿಯೇ ಇದ್ದವು. ಸೀರೆ ಎತ್ತಿ ಹಿಡಿದು ಅವುಗಳ ನಡುವೆ ದಾರಿ ಮಾಡಿಕೊಂಡೆ.

ಕಡಲು ಇರಲಿಲ್ಲ. ಕಡಳು ಎಂದರೇನೆಂದು ಯಾರಿಗೂ ತಿಳಿಯದ್ದರಿಂದ ಇರಬೇಕು, ರಸ್ತೆ ಮುಗಿದ ಕಡೆ ಕಾಗದದಂತೆ ಬೆಳ್ಳಗೆ ಏನೂ ಇಲ್ಲದ್ದು ಹರಡಿಕೊಂಡಿತ್ತು. ಆದರೆ ಸದ್ದು ಕೇಳಿಸುತ್ತಿತ್ತು. ಈ ವಯಸ್ಸಿನಲ್ಲಿ ಮೊದಲ ಸಲ ತೀರಕ್ಕೆ ಬಂದು ಅಲೆಯ ಸದ್ದಷ್ಟೇ ಕೇಳಿಸಿಕೊಂಡು ಹೋಗುವ ಗತಿ ಬಂತಲ್ಲ ಎಂದು ಒಂದು ಗಳಿಗೆ ನಿಂತೆ. ಅಕ್ಕನ ಕಣ್ಣು ನೆನಪಾಗಿ ಮುಂದೆ ನಡೆದೆ.

ಪೇಟೆ ಬೀದಿಯಿಂದ ಎಡಕ್ಕೆ ತಿರುಗಿದೆ. ಬೀದಿ ಇತ್ತು. ಇತ್ತು ಎಂದರೆ ಹೆಸರಿಗೆ ತಕ್ಕಂತೆ ಇತ್ತು. ಎರಡೂ ಬದಿಗೆ ಮೊಣಕಾಲೆತ್ತರದ ಮೊಂಡು ಗೋಡೆಗಳು, ಸೂರಿಲ್ಲ, ಬಾಗಿಲಿಲ್ಲ, ಒಡೆದ ಹೆಂಚಿನ ರಾಶಿ, ಅದರ ಸಂದಿನಲ್ಲಿ ಎಕ್ಕದ ಗಿಡ. ಆದರೆ ಆ ಹಾಳಿನ ನಡುವೆ ಜನ ಇದ್ದರು. ಒಬ್ಬಳು ಒಲೆಯ ಮುಂದೆ ಕೂತು ದೋಸೆ ಎರೆಯುತ್ತಿದ್ದಳು. ಒಬ್ಬ ಮುದುಕ ಇಲ್ಲದ ಕಂಬಕ್ಕೆ ಒರಗಿ ಪೇಪರು ಓದುತ್ತಿದ್ದ. ಬಿದ್ದುಹೋಗುತ್ತಾನೇನೋ ಎಂದು ನನಗೆ ಭಯ, ಅವನು ಆರಾಮವಾಗಿದ್ದ. ಅವರವರ ಮನೆ ಅವರಿಗೆ ನೆಟ್ಟಗೇ ನಿಂತಿತ್ತು. ಹಾಳಾಗಿದ್ದದ್ದು ನನ್ನ ಪಾಲಿಗೆ ಮಾತ್ರ. ಅದು ತಿಳಿದ ಕೂಡಲೇ ಮುರಿದ ಗೋಡೆಯೊಂದನ್ನು ದಾಟಿ ನೇರವಾಗಿ ನಡೆಯತೊಡಗಿದೆ.

“ಅಮ್ಮಾ, ಅದು ನಮ್ಮ ಬಚ್ಚಲು ಮನೆ,” ಎಂದಿತು ಒಂದು ದನಿ. “ಸ್ವಲ್ಪ ಆಚೆಯಿಂದ ಬನ್ನಿ.”

ದೋಸೆ ಎರೆಯುತ್ತಿದ್ದ ಹೆಂಗಸು ಕೈ ಒರೆಸಿಕೊಂಡು ಎದ್ದು ಬಂದಿದ್ದಳು. ಅವಳು ಲೂಸಿಬಾಯಿ, ಅಕ್ಕನ ನೆರೆಮನೆಯವಳು. ಅವಳ ಹೆಸರು ಅಕ್ಕನ ಬಾಯಲ್ಲಿ ನೂರು ಸಲ ಕೇಳಿದ್ದೆ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಅವಳು ಹಣೆ ಹಣೆ ಚಚ್ಚಿಕೊಂಡಳು.

“ಅದೇ ಪುಸ್ತಕವಾ? ದೇವರೇ. ಹೋದ ವರ್ಷ ಒಬ್ಬರು ಅದನ್ನೇ ಹಿಡ್ಕೊಂಡು ಬಂದು, ಇಲ್ಲಿ ಯಾರೂ ಇಲ್ಲ ಅಂತ ನನ್ನ ಪಾತ್ರೆಗಳ ಮೇಲೆಯೇ ನಡ್ಕೊಂಡು ಹೋದ್ರು ಮಾರಾಯ್ರೆ. ನೀವು ಭಾಗೀರಥಕ್ಕನ ತಂಗಿ ಅಲ್ವಾ? ಮೂಗು ಅದೇ ಉಂಟು.”

ಅವಳು ನನ್ನ ಮೊಣಕೈ ಹಿಡಿದು, ಇದು ಜಗಲಿ, ಮೆಟ್ಟಿಲು ಉಂಟು, ತಲೆ ಬಗ್ಗಿಸಿ, ಬಾಗಿಲ ಪಟ್ಟಿ ತಾಗುತ್ತದೆ ಎಂದು ಹೇಳುತ್ತಾ ನಡೆಸಿದಳು. ನನ್ನ ಕಣ್ಣಿಗೆ ಏನೂ ಇಲ್ಲದ ಕಡೆಯಲ್ಲೆಲ್ಲ ತಲೆ ಬಗ್ಗಿಸಿದೆ, ಕಾಲೆತ್ತಿದೆ. ನನ್ನ ಕಣ್ಣಿಗೆ ಹಾಳಾಗಿದೆ ಎಂದು ಬೇರೆಯವರ ಮನೆಯಲ್ಲಿ ಮರ್ಯಾದೆ ಬಿಡಲಾಗುತ್ತದೆಯೇ?

ಅಕ್ಕ ಮಂಚದ ಮೇಲೆ ಕೂತಿದ್ದಳು. ಎರಡೂ ಕಣ್ಣಿಗೆ ಬಿಳಿ ಕಟ್ಟು, ತಲೆ ಬಾಚಿ ಹೂ ಮುಡಿದಿದ್ದಳು. ಸುತ್ತ ಸುಣ್ಣ ಉದುರಿದ ಕಲ್ಲುಗಳು, ಮೇಲೆ ನೆತ್ತಿ ಸುಡುವ ಬಿಸಿಲು. ಹೆಜ್ಜೆ ಸಪ್ಪಳ ಕೇಳಿ ಮುಖ ಎತ್ತಿದಳು.

“ಬಂದ್ಯಾ? ಎಷ್ಟೊತ್ತೇ ನಿಂದು. ಡಾಕ್ಟ್ರು ಎರಡು ಸಲ ಹೇಳಿಕಳಿಸಿದ್ರು.”

ಐದು ದಿನ ನಾನು ಪಟ್ಟ ಪಾಡು ನಾಲಿಗೆಯ ತುದಿಗೆ ಬಂತು. ರಾಯರು, ಸೂರ್ಯಾಸ್ತ, ಬ್ಲೇಡು, ಹುಲಿ, ಯಾವುದರಿಂದ ಶುರುಮಾಡಲಿ? ಅವಳು ಆಗಲೇ ಮುಂದಿನ ಮಾತಿಗೆ ಹೋಗಿದ್ದಳು. ಯಾವ ಪುಸ್ತಕ ತಂದೆ, ಸಮುದ್ರ ನೋಡಿದೆಯಾ, ಮನೆ ಹೇಗೆ ಕಾಣುತ್ತಿದೆ, ಹೋದ ದೀಪಾವಳಿಗೆ ಹಸಿರು ಬಣ್ಣ ಹೊಡೆಸಿದೆ, ಕಣ್ಣು ಕಾಣದೆ ಬಣ್ಣ ಹೇಗೆ ಬಂದಿದೆಯೋ ಗೊತ್ತಿಲ್ಲ, ನೀನೇ ಹೇಳು. ನಾನು ಸುತ್ತ ನೋಡಿದೆ. ಎಕ್ಕದ ಗಿಡ ಹಸಿರಾಗಿತ್ತು. ಚೆನ್ನಾಗಿದೆ, ಒಳ್ಳೆ ಹಸಿರು ಎಂದೆ. ಲೂಸಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನನ್ನ ತಲೆಯ ಮೇಲೆ ಬಿಸಿಲು ಸುರಿಯುತ್ತಿತ್ತು. ಬೆವರು ಕತ್ತಿಗೆ ಇಳಿಯಿತು. ಸೆರಗು ತಲೆಗೆ ಹೊದ್ದುಕೊಂಡದ್ದನ್ನು ಲೂಸಿಬಾಯಿ ಕಂಡಳು. ಸದ್ದಿಲ್ಲದೆ ಹೋಗಿ ಒಂದು ಕರಿ ಛತ್ರಿ ತಂದು ಬಿಡಿಸಿ ನನ್ನ ಮೇಲೆ ಹಿಡಿದು ನಿಂತಳು. ಅವಳ ಪಾಲಿಗೆ ನಾವು ಮನೆಯೊಳಗಿದ್ದೆವು. ಹೆಂಚಿನ ಮಾಡಿನ ಕೆಳಗೆ, ನೆರಳಿನಲ್ಲಿ ಛತ್ರಿ ಹಿಡಿದು ನಿಂತವಳನ್ನು ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರು? ಆಗಲೇ ಬಂದ ಬಾಬಣ್ಣ ನೋಡಿದರು. ತಮ್ಮ ಚೀಲವನ್ನು ಛತ್ರಿಗೆ ತಾಗದಂತೆ ಪಕ್ಕಕ್ಕೆ ಇಟ್ಟುಕೊಂಡರು. ಅವರ ಮೀಸೆ ನಿಜಕ್ಕೂ ದೊಡ್ಡದಿತ್ತು.

ಬಾಬಣ್ಣ ಕೈ ತೊಳೆದು ಬಂದು ಅಕ್ಕನ ಬೆನ್ನ ಹಿಂದೆ ನಿಂತರು. ಕಟ್ಟು ಬಿಚ್ಚಲು ಎದುರಿಗೆ ನಿಲ್ಲುವುದೇ ಸುಲಭ ಎಂದು ನೋಡಿದರೆ ತಿಳಿಯುತ್ತಿತ್ತು. ಗಂಟು ಹಣೆಯ ಮೇಲಿತ್ತು. ಅವರು ಹಿಂದಿನಿಂದಲೇ ಕೈ ಚಾಚಿ, ತಡಕಾಡಿ ಗಂಟು ಸಡಿಲಿಸಿ, ಸುತ್ತು ಸುತ್ತಾಗಿ ಬಟ್ಟೆ ತೆಗೆದರು. ಕೊನೆಯ ಹತ್ತಿಯನ್ನು ತೆಗೆಯುವ ಮೊದಲು ನನಗೆ ಸನ್ನೆ ಮಾಡಿ ಹತ್ತಿರಕ್ಕೆ ಕರೆದು, ಲೂಸಿಬಾಯಿಯನ್ನು ಕಣ್ಣಿನಲ್ಲೇ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರು. ಹತ್ತಿ ಎತ್ತಿದ ಕೂಡಲೇ ತಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ನನಗೆ ಅಲ್ಲಿ ಗೋಡೆ ಇರಲಿಲ್ಲ. ಬಯಲಿಗೆ ಮುಖ ಮಾಡಿ, ಮೀಸೆಗೆ ಅಂಗೈ ಅಡ್ಡ ಹಿಡಿದು ನಿಂತಿದ್ದರು ಆ ದೊಡ್ಡ ಮನುಷ್ಯ.

“ಮೆಲ್ಲಗೆ ಬಿಡಿ ಅಮ್ಮ,” ಎಂದರು ಅತ್ತಲೇ ನೋಡುತ್ತಾ. “ಅವಸರ ಇಲ್ಲ.”

ಅಕ್ಕನ ರೆಪ್ಪೆಗಳು ಅಂಟಿಕೊಂಡು ಅಲುಗಿದವು. ಒಂದು ಬಿಟ್ಟಿತು, ಮುಚ್ಚಿತು. ಎರಡೂ ಬಿಟ್ಟವು. ನೀರು ತುಂಬಿ ಹರಿಯಿತು. ಅವಳು ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ನಾನು ನಗಲೇ ಬೇಡವೇ ಎಂದು ತಿಳಿಯದೆ, ಪಟಕ್ಕೆ ಕೂತವಳಂತೆ ಕೂತಿದ್ದೆ. ಅವಳ ಹುಬ್ಬು ಗಂಟಿಕ್ಕಿತು.

“ಏನೇ ಇದು,” ಎಂದಳು. “ಕನ್ನಡಕದ ತುಂಬ ಧೂಳು. ಇದನ್ನ ಹಾಕಿಕೊಂಡು ನೀನು ಏನು ನೋಡ್ತೀಯೋ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಚಾಚಿ ನನ್ನ ಕನ್ನಡಕವನ್ನು ತೆಗೆದುಕೊಂಡಳು. ಬಾಯಿಯ ಆವಿ ಹಾಯಿಸಿ, ಸೆರಗಿನ ತುದಿಯಿಂದ ಒಂದು ಗಾಜು ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು, ಇನ್ನೊಂದನ್ನು ಒರೆಸಿದಳು. ಎಷ್ಟೋ ತಿಂಗಳ ಮೇಲೆ ಕಣ್ಣಿನಿಂದ ನೋಡಿ ಮಾಡುತ್ತಿದ್ದ ಕೆಲಸ. ಬಾಬಣ್ಣ ಗೋಡೆಯ ಕಡೆಯಿಂದಲೇ ಬೆಳಕಿಗೆ ನೇರ ಹಿಡಿಯಬೇಡಿ ಎಂದರು. ಲೂಸಿಬಾಯಿ ಛತ್ರಿಯನ್ನು ಅಕ್ಕನ ಕಡೆಗೆ ವಾಲಿಸಿದಳು.

ಅಕ್ಕ ಕನ್ನಡಕವನ್ನು ನನ್ನ ಕಿವಿಗಳಿಗೆ ಒಂದೊಂದಾಗಿ ಸಿಕ್ಕಿಸಿ, ಮೂಗಿನ ಮೇಲೆ ಸರಿಯಾಗಿ ಕೂರಿಸಿದಳು.

“ಈಗ ನೋಡು.”

ನೋಡಿದೆ. ಸೂರಿಲ್ಲದ ಆ ಮನೆಯಲ್ಲಿ ಬೆಳಕಿಗೆ ಬರವಿರಲಿಲ್ಲ. ನನ್ನ ಅಕ್ಕನ ಮುಖದ ಒಂದು ಸುಕ್ಕೂ ನನಗೆ ಮರೆಯಾಗಲಿಲ್ಲ.